ಸ್ವಂತ ವೆಬ್‌ಸೈಟಿಗೆ ಚಿತ್ರ ಆರಿಸುವುದು, ಮಾಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತಕ್ಕೊಂದು ವೆಬ್‌ಸೈಟ್ ಮಾಡಲು ಕೂತವರು ಬರವಣಿಗೆಯನ್ನು ಹೇಗೋ ಮುಗಿಸಿರುತ್ತಾರೆ. ಚಿತ್ರದ ವಿಷಯಕ್ಕೆ ಬಂದಾಗ ಕೈ ಕಟ್ಟಿಹೋಗುತ್ತದೆ. ಆಗ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನಾನು ಡಿಸೈನ್ ಓದಿದವನಲ್ಲ. ನನ್ನ ಸೈಟನ್ನು ನಾನೇ ಕಟ್ಟಿ, ನಾನೇ ಕೆಡಿಸಿ, ಮತ್ತೆ ಕಟ್ಟಿಕೊಂಡವನು. ಹಾಗಾಗಿ ಉತ್ತರಗಳಲ್ಲಿ ನನ್ನ ಇಷ್ಟಾನಿಷ್ಟವೂ ಸೇರಿಕೊಂಡಿದೆ.

ಸೈಟಿಗೆ ಚಿತ್ರ ಇರಲೇಬೇಕಾ?

ಇಲ್ಲ. ಬರೀ ಅಕ್ಷರ ಇರುವ ಪುಟವೂ ಚೆನ್ನಾಗಿ ಕಾಣುತ್ತದೆ, ಬೇಗ ತೆರೆದುಕೊಳ್ಳುತ್ತದೆ.

ನಾನು ಮಾಡುವುದು ಇಷ್ಟೇ. ಪುಟ ತೆರೆದು, ಚಿತ್ರದ ಮೇಲೆ ಅಂಗೈ ಇಟ್ಟು ಮುಚ್ಚಿ, ಉಳಿದದ್ದನ್ನು ಓದುತ್ತೇನೆ. ಏನೋ ಕಡಿಮೆಯಾಯಿತು ಅನ್ನಿಸಿದರೆ ಚಿತ್ರ ಉಳಿಯುತ್ತದೆ. ಏನೂ ಅನ್ನಿಸದಿದ್ದರೆ ಅದು ಸುಮ್ನೆ ಜಾಗ ಹಿಡಿದು ಕೂತಿದೆ ಅಂತ ಅರ್ಥ, ತೆಗೆದುಬಿಡುತ್ತೇನೆ. ಕೆಳಗಿನ ಪ್ರಶ್ನೆಗಳನ್ನು ಓದುವ ಮೊದಲು ನೀವೂ ಈ ಅಂಗೈ ಪರೀಕ್ಷೆ ಮಾಡಿ. ಅರ್ಧ ತಲೆನೋವು ಅಲ್ಲೇ ಕಳೆಯುತ್ತದೆ.

ಎಂಥ ಚಿತ್ರ ಹಾಕಿದರೆ ಚೆನ್ನ?

ನಿಮ್ಮಲ್ಲಿ ಮಾತ್ರ ಇರುವಂಥದ್ದು. ಮರಗೆಲಸದ ಬಗ್ಗೆ ಬರೆಯುತ್ತೀರಾ? ಹಿಡಿ ಸವೆದ ನಿಮ್ಮ ಉಳಿಯ ಫೋಟೋ ಹಾಕಿ. ಪ್ರೋಗ್ರಾಂ ಬರೆಯುತ್ತೀರಾ? ಅದು ಓಡುತ್ತಿರುವಾಗಿನ ಸ್ಕ್ರೀನ್‌ಶಾಟ್ ಹಾಕಿ. ಸ್ವಲ್ಪ ಮಬ್ಬಾಗಿದ್ದರೂ ಪರವಾಗಿಲ್ಲ. ಕೈಕುಲುಕುತ್ತಿರುವ ಇಬ್ಬರು, ಲ್ಯಾಪ್‌ಟಾಪ್ ಪಕ್ಕದ ಗಿಡ, ಕಿಟಕಿ ಕಡೆ ನೋಡಿ ನಗುವ ಯುವತಿ, ಇಂಥ ಸ್ಟಾಕ್ ಫೋಟೋಗಳನ್ನು ಓದುಗರು ಈಗಾಗಲೇ ನೂರು ಕಡೆ ನೋಡಿರುತ್ತಾರೆ. ಕಣ್ಣು ಅವುಗಳ ಮೇಲೆ ನಿಲ್ಲುವುದೇ ಇಲ್ಲ. ಅಂಗೈ ಪರೀಕ್ಷೆಯಲ್ಲಿ ಒಂದೂ ಪಾಸಾಗುವುದಿಲ್ಲ.

ನಿಮ್ಮ ಮುಖದ ಫೋಟೋ ಹಾಕುವುದು ಬಿಡುವುದು ನಿಮ್ಮಿಷ್ಟ. ಹಾಕದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಜೆಪೆಗ್, ಪಿಎನ್‌ಜಿ, ವೆಬ್‌ಪಿ, ಎಸ್‌ವಿಜಿ... ಯಾವುದಕ್ಕೆ ಯಾವುದು?

ಇವೆಲ್ಲ ಚಿತ್ರವನ್ನು ಉಳಿಸಿಡುವ ಫೈಲ್ ಬಗೆಗಳು. ಫೋಟೋ ಆದರೆ ಜೆಪೆಗ್ ಅಥವಾ ವೆಬ್‌ಪಿ. ಸ್ಕ್ರೀನ್‌ಶಾಟ್ ಆದರೆ ಪಿಎನ್‌ಜಿ. ಲೋಗೋ, ಐಕಾನ್, ಗೆರೆಚಿತ್ರ ಆದರೆ ಎಸ್‌ವಿಜಿ. ಆತುರದಲ್ಲಿದ್ದರೆ ಇಷ್ಟು ಸಾಕು, ಮುಂದಿನ ಪ್ರಶ್ನೆಗೆ ಹೋಗಿ.

ಯಾಕೆ ಹಾಗೆ ಅಂತ ಕೇಳುವವರಿಗೆ: ಜೆಪೆಗ್ 1992ರಿಂದ ಇದೆ, ಫೋಟೋಗೆಂದೇ ಹುಟ್ಟಿದ್ದು. ಅದು ಚಿತ್ರವನ್ನು 8×8 ಪಿಕ್ಸೆಲ್‌ಗಳ ಪುಟ್ಟ ಚೌಕಗಳಾಗಿ ಹೋಳು ಮಾಡಿ, ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸಣ್ಣ ವಿವರಗಳನ್ನು ಎಸೆಯುತ್ತದೆ. ಆಕಾಶ, ಎಲೆ, ಮುಖ ಇಂಥವುಗಳಲ್ಲಿ ಎಸೆದದ್ದು ತಿಳಿಯುವುದೇ ಇಲ್ಲ. ಆದರೆ ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಇರುವ ಸ್ಕ್ರೀನ್‌ಶಾಟನ್ನು ಜೆಪೆಗ್ ಮಾಡಿ, ನಾಲ್ಕು ಪಟ್ಟು ಹಿಗ್ಗಿಸಿ ನೋಡಿ. ‘ಕ’ ಅಕ್ಷರದ ಸುತ್ತ ಬೂದು ಬಣ್ಣದ ಕೊಳೆ ಮೆತ್ತಿಕೊಂಡಿರುತ್ತದೆ, ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ. ಅದೇ ಸ್ಕ್ರೀನ್‌ಶಾಟ್ ಪಿಎನ್‌ಜಿಯಲ್ಲಿ ಚೂಪಾಗಿರುತ್ತದೆ, ಎಷ್ಟೋ ಸಲ ಫೈಲ್ ಕೂಡ ಚಿಕ್ಕದಾಗಿರುತ್ತದೆ.

ಪಿಎನ್‌ಜಿ ಏನನ್ನೂ ಎಸೆಯುವುದಿಲ್ಲ. ಒಂದೇ ಬಣ್ಣ ಸಾಲಾಗಿ ಬಂದರೆ ಅದನ್ನು ಚುಟುಕಾಗಿ ಬರೆದುಕೊಳ್ಳುತ್ತದೆ, ಅಷ್ಟೇ. ಅದಕ್ಕೇ ಫೋಟೋ ಕೊಟ್ಟರೆ ಫೈಲ್ ಊದಿಕೊಳ್ಳುತ್ತದೆ. ಫೋಟೋದಲ್ಲಿ ಉದ್ದಕ್ಕೂ ಒಂದೇ ಬಣ್ಣ ಇರುವುದು ಅಪರೂಪ ಅಲ್ವಾ?

ವೆಬ್‌ಪಿಯನ್ನು ಗೂಗಲ್ 2010ರಲ್ಲಿ ತಂದಿತು. 2020ರಲ್ಲಿ ಸಫಾರಿಯೂ ಒಪ್ಪಿಕೊಂಡಿತು, ಈಗ ಚಾಲ್ತಿಯಲ್ಲಿರುವ ಎಲ್ಲ ದೊಡ್ಡ ಬ್ರೌಸರ್‌ಗಳಲ್ಲೂ ನಡೆಯುತ್ತದೆ. ಫೈಲ್ ಸಾಮಾನ್ಯವಾಗಿ ಜೆಪೆಗ್‌ಗಿಂತ ಚಿಕ್ಕದು, ಪಾರದರ್ಶಕ ಹಿನ್ನೆಲೆಯೂ ಸಿಗುತ್ತದೆ. ಎವಿಐಎಫ್ ಅದಕ್ಕಿಂತ ಹೊಸದು, ಇನ್ನೂ ಚಿಕ್ಕದಾಗುತ್ತದೆ, ಸೇವ್ ಆಗಲು ಮಾತ್ರ ಹೊತ್ತು ಹಿಡಿಯುತ್ತದೆ. ಹತ್ತಿಪ್ಪತ್ತು ಚಿತ್ರದ ಸೈಟಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ ಅಂತಲೇ ನಾನು ಹೇಳುವುದು.

ಎಸ್‌ವಿಜಿಯ ದಾರಿಯೇ ಬೇರೆ. ಅದರಲ್ಲಿರುವುದು ಪಿಕ್ಸೆಲ್ ಅಲ್ಲ, ‘ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಒಳಗೆ ಈ ಬಣ್ಣ ತುಂಬು’ ಎಂಬಂಥ ಸೂಚನೆಗಳು. ನೋಟ್‌ಪ್ಯಾಡಿನಲ್ಲಿ ತೆರೆದರೆ ಓದಬಹುದು, ಬಣ್ಣದ ಸಂಖ್ಯೆಯನ್ನು ಕೈಯಾರೆ ಬದಲಿಸಬಹುದು. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ನನ್ನ ಲೋಗೋ ಎಸ್‌ವಿಜಿಯಲ್ಲಿ 2 ಕೆಬಿ ಕೂಡ ಇಲ್ಲ.

ಕುಣಿಯುವ ಜಿಫ್ ಹಾಕಬಹುದಾ?

ಹಾಕಬಹುದು, ನಾನಂತೂ ಹಾಕುವುದಿಲ್ಲ. ಜಿಫ್ 1987ರಲ್ಲಿ ಕಂಪ್ಯೂಸರ್ವ್ ಎಂಬ ಅಮೆರಿಕದ ಆನ್‌ಲೈನ್ ಸೇವೆ ತಂದ ಫೈಲ್ ಬಗೆ. ಒಂದು ಫ್ರೇಮಿಗೆ 256 ಬಣ್ಣ ಮಾತ್ರ. ಅದರೊಳಗಿನ ಕುಗ್ಗಿಸುವ ವಿಧಾನಕ್ಕೆ ಪೇಟೆಂಟ್ ಇತ್ತು. ಆ ಜಗಳದಿಂದಲೇ ಬದಲಿಯಾಗಿ ಪಿಎನ್‌ಜಿ ಹುಟ್ಟಿ, 1996ರಲ್ಲಿ ವೆಬ್ ಮಾನದಂಡವಾಯಿತು. ಈಗ ಪೇಟೆಂಟ್ ಮುಗಿದಿದೆ, ಆದರೆ ಜಿಫ್ ಫೈಲಿನ ತೂಕ ಇಳಿದಿಲ್ಲ. ಏನನ್ನಾದರೂ ಚಲಿಸುವಂತೆ ತೋರಿಸಲೇಬೇಕಿದ್ದರೆ ಶಬ್ದ ತೆಗೆದ ಚಿಕ್ಕ ಎಂಪಿ4 ವಿಡಿಯೋ ಹಾಕಿ.

ಒಂದು ಸೆಕೆಂಡಿನಲ್ಲಿ ಮೂರು ಸಲಕ್ಕಿಂತ ಜಾಸ್ತಿ ಮಿಂಚುವಂಥದ್ದನ್ನು ಮಾತ್ರ ಯಾವತ್ತೂ ಹಾಕಬೇಡಿ. ಕೆಲವರಿಗೆ ಅದರಿಂದ ಫಿಟ್ಸ್ ಬರಬಹುದು.

ಫೋನಿನಲ್ಲಿ ತೆಗೆದ ಫೋಟೋ ಹಾಗೇ ಹಾಕಿದರೆ ಏನಾಗುತ್ತದೆ?

ನಾನು ಮೊದಲ ಸಲ ಹಾಗೇ ಹಾಕಿದ್ದೆ. ನನ್ನ ಕಂಪ್ಯೂಟರಿನಲ್ಲಿ ಚಕ್ಕನೆ ತೆರೆಯಿತು, ಖುಷಿಯಾಯಿತು. ಗೆಳೆಯನೊಬ್ಬ ತನ್ನ ಹಳೇ ಫೋನಿನಲ್ಲಿ ತೆರೆದು ನನ್ನ ಮುಂದೆ ಹಿಡಿದ. ಮೇಲಿನಿಂದ ಬೂದು ಬಣ್ಣದ ಒಂದು ಪಟ್ಟಿ ಬಂತು. ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಪಟ್ಟಿ. “ಏನೋ ಇದು, ಬೆಟ್ಟಾನಾ, ಮೋಡಾನಾ?” ಅಂದ. ಅದು ನಮ್ಮ ಬೆಕ್ಕು.

ಲೆಕ್ಕ ನೋಡಿ. ಆ ಫೋಟೋ 4000×3000 ಪಿಕ್ಸೆಲ್, ಅಂದರೆ 1.2 ಕೋಟಿ ಪಿಕ್ಸೆಲ್. ಫೈಲ್ 4.6 ಎಂಬಿ. ನನ್ನ ಪುಟದಲ್ಲಿ ಅದಕ್ಕಿದ್ದ ಜಾಗ 800 ಪಿಕ್ಸೆಲ್ ಅಗಲ. ಉಳಿದದ್ದೆಲ್ಲ ಓದುಗರ ಡೇಟಾ ತಿಂದು, ಅವರ ಫೋನಿನಲ್ಲಿ ಕುಗ್ಗಿ, ಯಾರಿಗೂ ಕಾಣದೆ ಹೋಗುತ್ತಿತ್ತು.

ಈಗ ನಾನು ಮಾಡುವ ಕ್ರಮ ಹೀಗಿದೆ. ಮೊದಲು ಮೂಲ ಫೋಟೋದ ಪ್ರತಿ ತೆಗೆದು, ಬೇಡದ ಅಂಚನ್ನು ಕತ್ತರಿಸುತ್ತೇನೆ. ಆಮೇಲೆ ಸ್ಕ್ವೂಶ್ ಎಂಬ ಉಚಿತ ಸಾಧನದಲ್ಲಿ ತೆರೆಯುತ್ತೇನೆ. ಅದು ಬ್ರೌಸರಿನೊಳಗೇ ಕೆಲಸ ಮಾಡುತ್ತದೆ, ಫೋಟೋ ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ. ಅಗಲವನ್ನು 1600ಕ್ಕೆ ಇಳಿಸುತ್ತೇನೆ, ಕ್ವಾಲಿಟಿಯನ್ನು 75ಕ್ಕೆ ಇಡುತ್ತೇನೆ. ನಡುವೆ ಒಂದು ಗೆರೆ ಇರುತ್ತದೆ, ಎಡಕ್ಕೆ ಮೂಲ, ಬಲಕ್ಕೆ ಕುಗ್ಗಿಸಿದ್ದು. ಆ ಗೆರೆಯನ್ನು ಬೆಕ್ಕಿನ ಮೀಸೆಯ ಮೇಲೆ ತಂದು ನಿಲ್ಲಿಸಿ ಅತ್ತಿತ್ತ ಎಳೆಯುತ್ತೇನೆ. ಮೀಸೆ ಹಾಗೇ ಉಳಿದಿದ್ದರೆ ಕ್ವಾಲಿಟಿಯನ್ನು ಇನ್ನೂ ಐದು ಇಳಿಸುತ್ತೇನೆ. ಮೀಸೆ ಬೂದುಬೂದಾದ ತಕ್ಷಣ ಹಿಂದಕ್ಕೆ ಬರುತ್ತೇನೆ. ಆ ಫೋಟೋ ಕೊನೆಗೆ 240 ಕೆಬಿಗೆ ಬಂತು.

ಒಂದು ಎಚ್ಚರ. ಬರೀ ಕ್ವಾಲಿಟಿ ಇಳಿಸಿ, ಪಿಕ್ಸೆಲ್ ಹಾಗೇ ಬಿಟ್ಟರೆ ಸಾಲದು. ಫೈಲ್ ಎಷ್ಟೇ ಚಿಕ್ಕದಿರಲಿ, ತೋರಿಸುವ ಮುಂಚೆ ಬ್ರೌಸರ್ ಅದನ್ನು ಬಿಚ್ಚಲೇಬೇಕು. ಪಿಕ್ಸೆಲ್‌ಗೆ 4 ಬೈಟ್ ಅಂತ ಹಿಡಿದರೆ 4000×3000 ಚಿತ್ರಕ್ಕೆ 48 ಎಂಬಿ ಮೆಮೊರಿ. 1600×1200 ಆದರೆ 8 ಎಂಬಿಯೊಳಗೆ ಮುಗಿಯುತ್ತದೆ.

ಜಾಗ 800 ಇರುವಾಗ 1600 ಯಾಕೆ?

ಇವತ್ತಿನ ಫೋನ್ ಮತ್ತು ಒಳ್ಳೆಯ ಲ್ಯಾಪ್‌ಟಾಪ್ ಪರದೆಗಳು ಪುಟದ ಒಂದು ಪಿಕ್ಸೆಲ್ ಜಾಗದಲ್ಲಿ ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು ಪಿಕ್ಸೆಲ್ ತುಂಬಿಸುತ್ತವೆ. ಕೆಲವು ಫೋನುಗಳು ಮೂರು ಮೂರು ತುಂಬಿಸುತ್ತವೆ. 800 ಮಾತ್ರ ಕೊಟ್ಟರೆ ಅಲ್ಲಿ ಸ್ವಲ್ಪ ಮಂಕಾಗಿ ಕಾಣುತ್ತದೆ. ಎರಡು ಪಟ್ಟು ಕೊಟ್ಟರೆ ಸಾಕು, ಮೂರು ಪಟ್ಟು ಕೊಟ್ಟರೆ ಫೈಲ್ ಬೆಳೆಯುತ್ತದೆಯೇ ಹೊರತು ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಎಚ್‌ಟಿಎಂಎಲ್ ಬರೆಯುವವರಾದರೆ ‘ಸೋರ್ಸ್‌ಸೆಟ್’ ಬಳಸಿ 480, 800, 1600 ಅಂತ ಮೂರು ಅಳತೆ ಕೊಡಿ, ಬ್ರೌಸರ್ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ.

ವೆಬ್‌ಗೆ 72 ಡಿಪಿಐ ಇರಬೇಕಂತೆ, ಹೌದಾ?

ಇಲ್ಲ. ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಅಂತ, ಅದು ಮುದ್ರಣದವರ ಲೆಕ್ಕ. ಬ್ರೌಸರ್ ನೋಡುವುದು ಪಿಕ್ಸೆಲ್ ಎಷ್ಟು ಅಂತ ಮಾತ್ರ.

ನನ್ನ ಪುಟ ತೆರೆಯುವಾಗ ಅಕ್ಷರಗಳು ಕೆಳಕ್ಕೆ ಜಿಗಿಯುತ್ತವೆ. ಯಾಕೆ?

ಚಿತ್ರದ ಅಗಲ, ಎತ್ತರ ನೀವು ಹೇಳಿಲ್ಲ. ಬ್ರೌಸರ್ ಮೊದಲು ಅಕ್ಷರ ಜೋಡಿಸುತ್ತದೆ, ಆಮೇಲೆ ಚಿತ್ರ ಬಂದು ಎಲ್ಲವನ್ನೂ ಕೆಳಕ್ಕೆ ತಳ್ಳುತ್ತದೆ. ಅಷ್ಟರಲ್ಲಿ ಓದುಗರು ಒತ್ತಲು ಹೋದ ಲಿಂಕ್ ಬೆರಳಿನ ಕೆಳಗಿನಿಂದ ಜಾರಿರುತ್ತದೆ. ಇಮೇಜ್ ಟ್ಯಾಗಿನಲ್ಲಿ ವಿಡ್ತ್ ಮತ್ತು ಹೈಟ್ ಬರೆಯಿರಿ, ಬ್ರೌಸರ್ ಆ ಜಾಗವನ್ನು ಮೊದಲೇ ಕಾದಿಡುತ್ತದೆ. ಪುಟದ ಕೆಳಗಿರುವ ಚಿತ್ರಗಳಿಗೆ ‘ಲೇಝಿ’ ಲೋಡಿಂಗ್ ಕೊಡಿ, ಓದುಗರು ಅಲ್ಲಿಗೆ ಬರುವ ಹೊತ್ತಿಗೆ ಮಾತ್ರ ಅವು ಇಳಿಯುತ್ತವೆ. ಮೊದಲ ನೋಟಕ್ಕೇ ಕಾಣುವ ಚಿತ್ರಕ್ಕೆ ಕೊಡಬೇಡಿ, ಅದು ಸುಮ್ನೆ ತಡವಾಗುತ್ತದೆ.

ಫೋಟೋದಲ್ಲಿ ನನ್ನ ಮನೆ ಎಲ್ಲಿದೆ ಅಂತ ಗೊತ್ತಾಗಿಬಿಡುತ್ತದಾ?

ಆಗಬಹುದು. ಫೋನ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಎರಡೂ ಫೈಲಿನೊಳಗಿನ ಎಕ್ಸಿಫ್ ಮಾಹಿತಿಯಲ್ಲಿ ಕೂತಿರುತ್ತವೆ. ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಎಕ್ಸಿಫ್ ಉಳಿಸುವ ಗುರುತನ್ನು ತೆಗೆದರೆ ಅದು ಹೋಗುತ್ತದೆ. ಫೋಟೋ ನೆಟ್ಟಗಿದೆಯೋ ಅಡ್ಡವೋ ಎಂಬ ಮಾಹಿತಿಯೂ ಅಲ್ಲೇ ಇರುತ್ತದೆ. ಕೆಲವು ಸಾಧನಗಳಲ್ಲಿ ಎಕ್ಸಿಫ್ ಅಳಿಸಿದ ಮೇಲೆ ಫೋಟೋ ಮಗ್ಗುಲಾಗಿ ಮಲಗಿಬಿಡುತ್ತದೆ. ಗಾಬರಿಯಾಗಬೇಡಿ, ತಿರುಗಿಸಿ ಮತ್ತೆ ಸೇವ್ ಮಾಡಿ.

ಗೂಗಲ್‌ನಲ್ಲಿ ಹುಡುಕಿದಾಗ ಸಿಕ್ಕ ಚಿತ್ರ ಬಳಸಬಹುದಾ?

ಸಿಕ್ಕಿತು ಅನ್ನುವ ಕಾರಣಕ್ಕೇ ಬಳಸುವ ಹಾಗಿಲ್ಲ. ಗೂಗಲ್ ತೋರಿಸುತ್ತದೆ ಅಷ್ಟೇ, ಹಕ್ಕು ಚಿತ್ರ ಮಾಡಿದವರದ್ದು. ‘ಕೃಪೆ: ಅಂತರ್ಜಾಲ’ ಅಂತ ಕೆಳಗೆ ಬರೆದರೆ ಸರಿಹೋಗುತ್ತದೆ ಅಂದುಕೊಂಡವರು ಬಹಳ ಜನ. ಅದು ಕೃಪೆಯೂ ಅಲ್ಲ, ಅನುಮತಿಯೂ ಅಲ್ಲ.

ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವ ಚಿತ್ರ ಹುಡುಕಿ. ಯಾವ ಷರತ್ತಿನ ಮೇಲೆ ಬಳಸಬಹುದು ಅಂತ ಮಾಡಿದವರೇ ಮೊದಲೇ ಹೇಳಿಬಿಡುವ ಪರವಾನಗಿ ಅದು. ಇದರ ಮೊದಲ ಪರವಾನಗಿಗಳು 2002ರಲ್ಲಿ ಬಂದವು. ‘ಬಿವೈ’ ಅಂದರೆ ಮಾಡಿದವರ ಹೆಸರು ಹೇಳಬೇಕು. ‘ಎಸ್‌ಎ’ ಅಂದರೆ ನೀವು ಬದಲಿಸಿ ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ‘ಎನ್‌ಸಿ’ ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ, ಜಾಹೀರಾತು ಇರುವ ಸೈಟಿನವರು ಇಲ್ಲಿ ಯೋಚಿಸಬೇಕು. ‘ಎನ್‌ಡಿ’ ಇದ್ದರೆ ಬದಲಿಸಿದ ರೂಪವನ್ನು ಹಂಚುವ ಹಾಗಿಲ್ಲ. ‘ಸಿಸಿ ಝೀರೋ’ ಅಂದರೆ ಯಾವ ಷರತ್ತೂ ಇಲ್ಲ.

ವಿಕಿಮೀಡಿಯ ಕಾಮನ್ಸ್‌ನಲ್ಲಿ ಪ್ರತಿ ಚಿತ್ರದ ಕೆಳಗೂ ಪರವಾನಗಿ ಬರೆದಿರುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಮ್ಯೂಸಿಯಂಗಳ ಸಂಗ್ರಹ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನು ಸಿಸಿ ಝೀರೋ ಮಾಡಿತು. ಸ್ಮಿತ್ಸೋನಿಯನ್ 2020ರಲ್ಲಿ ಇಪ್ಪತ್ತೆಂಟು ಲಕ್ಷ ಬಿಟ್ಟಿತು. ಹಳೆಯ ಗಿಡ, ಹಕ್ಕಿ, ಯಂತ್ರಗಳ ಗೆರೆಚಿತ್ರ ಬೇಕಿದ್ದರೆ ಅಲ್ಲಿ ಅರ್ಧ ದಿನ ಕಳೆದುಹೋಗುವುದು ಗೊತ್ತೇ ಆಗುವುದಿಲ್ಲ.

ಡೌನ್‌ಲೋಡ್ ಮಾಡದೆ ಬೇರೆ ಸೈಟಿನ ಚಿತ್ರಕ್ಕೆ ನೇರ ಲಿಂಕ್ ಕೊಡಬಹುದಾ?

ಬೇಡ. ಅವರ ಸರ್ವರಿನ ಖರ್ಚಿನಲ್ಲಿ ನೀವು ಚಿತ್ರ ತೋರಿಸಿದ ಹಾಗೆ. ನಾನೂ ಒಮ್ಮೆ ಒಂದು ಚಂದದ ಬಾಣದ ಗುರುತಿಗೆ ಹೀಗೆ ಲಿಂಕ್ ಕೊಟ್ಟಿದ್ದೆ. ಒಂದು ದಿನ ನೋಡುತ್ತೇನೆ, ಪುಟದ ತುಂಬ ಬಾಣದ ಬದಲು ಬಾಳೆಹಣ್ಣು ಸಿಪ್ಪೆ. ಆ ಸೈಟಿನವರು ಬೇಕಂತಲೇ ಫೈಲ್ ಬದಲಿಸಿದ್ದರು. ಬೈಯುವುದಕ್ಕೂ ನನಗೆ ಬಾಯಿ ಇರಲಿಲ್ಲ.

ನನಗೆ ಚಿತ್ರ ಬಿಡಿಸೋಕೆ ಬರಲ್ಲ. ಏನು ಮಾಡಲಿ?

ನನಗೂ ಬರುವುದಿಲ್ಲ. ನನ್ನ ಸೈಟಿನ ಲೋಗೋ ಒಂದು ಸೊಟ್ಟ ಪೆನ್ಸಿಲ್. ಬಿಳಿ ಕಾಗದದ ಮೇಲೆ ದಪ್ಪ ಕಪ್ಪು ಮಾರ್ಕರಿನಲ್ಲಿ ಎಂಟು ಸಲ ಬರೆದೆ. ಕಡಿಮೆ ಸೊಟ್ಟಗಿದ್ದದ್ದನ್ನು ಕಿಟಕಿ ಬೆಳಕಿನಲ್ಲಿ, ನನ್ನ ನೆರಳು ಬೀಳದಂತೆ ಫೋಟೋ ತೆಗೆದೆ. ಗಿಂಪ್‌ನಲ್ಲಿ ‘ಲೆವೆಲ್ಸ್’ ತೆರೆದು ಕಾಗದ ಪೂರ್ತಿ ಬಿಳಿ, ಗೆರೆ ಪೂರ್ತಿ ಕಪ್ಪು ಆಗುವವರೆಗೆ ಎರಡು ತುದಿಗಳನ್ನೂ ಒಳಕ್ಕೆ ಎಳೆದೆ. ಆ ಫೈಲನ್ನು ಎಸ್‌ವಿಜಿ ಮಾಡುವ ಇಂಕ್‌ಸ್ಕೇಪ್ ಎಂಬ ಸಾಫ್ಟ್‌ವೇರಿಗೆ ತಂದು, ‘ಪಾತ್’ ಮೆನುವಿನ ‘ಟ್ರೇಸ್ ಬಿಟ್‌ಮ್ಯಾಪ್’ ಒತ್ತಿದೆ. ಗೆರೆ ಎಸ್‌ವಿಜಿ ಆಯಿತು. ಕಾಗದದ ಮೇಲಿದ್ದ ಒಂದು ಧೂಳಿನ ಚುಕ್ಕೆಯೂ ಎಸ್‌ವಿಜಿ ಆಗಿತ್ತು, ಅದನ್ನು ಅಳಿಸಿದೆ. ಪೂರ್ತಿ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಎರಡೂ ಉಚಿತ ಸಾಫ್ಟ್‌ವೇರ್.

ಬಣ್ಣದಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. ಎರಡು ಬಣ್ಣ, ಅವುಗಳ ಜೊತೆ ಬಿಳಿ ಮತ್ತು ಕಪ್ಪು. ಬಣ್ಣಗಳ ಸಂಖ್ಯೆಯನ್ನು ಎಲ್ಲಾದರೂ ಬರೆದಿಟ್ಟುಕೊಂಡು ಎಲ್ಲ ಐಕಾನ್‌ಗಳಿಗೂ ಅವನ್ನೇ ಬಳಸಿ. ಗೆರೆಯ ದಪ್ಪವೂ ಎಲ್ಲ ಕಡೆ ಒಂದೇ ಇರಲಿ. ಬೇರೆ ಬೇರೆ ಕಡೆಯಿಂದ ತಂದ ಐಕಾನ್‌ಗಳು ಒಂದು ದಪ್ಪ, ಒಂದು ಸಣ್ಣ, ಒಂದು ನೆರಳಿನ ಸಮೇತ ನಿಂತಾಗಲೇ ಸೈಟ್ ಸಂತೆಯ ಹಾಗೆ ಕಾಣುವುದು.

ಎಐ ಕೈಲಿ ಮಾಡಿಸಿದರೆ?

ಸಾಧ್ಯ. ಆದರೆ ಬೆರಳು, ಹಲ್ಲು, ಹಿನ್ನೆಲೆಯ ಬೋರ್ಡಿನ ಅಕ್ಷರ ಇವನ್ನು ಹಿಗ್ಗಿಸಿ ನೋಡದೆ ಹಾಕಬೇಡಿ. ಆ ಸೇವೆಯ ಷರತ್ತುಗಳನ್ನೂ ಓದಿ. ಸ್ವಂತ ಸೈಟಿನಲ್ಲಿ ನನಗದು ಒಗ್ಗಲಿಲ್ಲ. ಅಂಗೈ ಇಟ್ಟು ಮುಚ್ಚಿದರೆ ಏನೂ ಕಳೆದ ಹಾಗೆ ಅನ್ನಿಸುತ್ತಿರಲಿಲ್ಲ.

ಶೀರ್ಷಿಕೆಯನ್ನು ಚಿತ್ರದೊಳಗೇ ಬರೆಯಬಹುದಾ?

ಆದಷ್ಟು ಬೇಡ. ಚಿತ್ರದೊಳಗಿನ ಅಕ್ಷರವನ್ನು ಫೋನಿನಲ್ಲಿ ದೊಡ್ಡದು ಮಾಡಿದರೆ ಸಾಲು ಮುರಿದು ಕೂರುವುದಿಲ್ಲ, ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ನೇರವಾಗಿ ಓದುವುದಿಲ್ಲ. ಅಕ್ಷರವನ್ನು ಪುಟದಲ್ಲಿ ಬರೆದು ಚಿತ್ರದ ಮೇಲೆ ಕೂರಿಸಿ.

ಹಾಗೆ ಕೂರಿಸುವಾಗ ಬಣ್ಣದ ಅಂತರ ನೋಡಿ. ವೆಬ್ ಸುಗಮತೆಯ ನಿಯಮದಲ್ಲಿ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಅನುಪಾತ ಇರಬೇಕು. ಫೋಟೋ ಮೇಲೆ ಇದು ಕಷ್ಟ. ಮೋಡದ ಮೇಲೆ ಬಂದ ಬಿಳಿ ಅಕ್ಷರ ಮಾಯವಾಗುತ್ತದೆ. ನಡುವೆ ಅರೆಪಾರದರ್ಶಕ ಕಪ್ಪು ಪದರ ಹಾಕಿ, ಸರಿಹೋಗುತ್ತದೆ.

ಬ್ಯಾನರಿನಲ್ಲಿ ಕನ್ನಡ ಬರೆಯಲೇಬೇಕಾದರೆ ಒತ್ತಕ್ಷರ ನೋಡಿಕೊಳ್ಳಿ. ‘ಸ್ವಾಗತ’ ಬರೆದದ್ದು ‘ಸ್‌ವಾಗತ’ ಅಂತ ಬಿಡಿಬಿಡಿಯಾಗಿ ಬಂದರೆ ತಪ್ಪು ನಿಮ್ಮದಲ್ಲ, ಸಾಫ್ಟ್‌ವೇರಿನದು. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆಯ್ಕೆ ಹಾಕಿ. ಗಿಂಪ್, ಇಂಕ್‌ಸ್ಕೇಪ್‌ಗಳಲ್ಲಿ ತಾನಾಗಿಯೇ ಸರಿ ಬರುತ್ತದೆ. ಎಸ್‌ವಿಜಿ ಮಾಡುವಾಗ ‘ಆಬ್ಜೆಕ್ಟ್ ಟು ಪಾತ್’ ಒತ್ತಿ ಅಕ್ಷರವನ್ನು ಗೆರೆಚಿತ್ರವಾಗಿ ಬದಲಿಸಿ, ಇಲ್ಲದಿದ್ದರೆ ನಿಮ್ಮ ಫಾಂಟ್ ಇಲ್ಲದವರ ಕಂಪ್ಯೂಟರಿನಲ್ಲಿ ಅದು ಬೇರೇನೋ ರೂಪ ತಾಳುತ್ತದೆ.

ಫೆವಿಕಾನ್ ಮತ್ತು ಶೇರ್ ಮಾಡುವಾಗ ಬರುವ ಚಿತ್ರದ ಅಳತೆ ಏನು?

ಫೆವಿಕಾನ್ ಅಂದರೆ ಬ್ರೌಸರ್ ಟ್ಯಾಬಿನಲ್ಲಿ ಪುಟದ ಹೆಸರಿನ ಪಕ್ಕ ಕಾಣುವ ಪುಟ್ಟ ಗುರುತು, 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂದದ್ದು. ಟ್ಯಾಬಿನಲ್ಲಿ ಕಾಣುವುದು ಇಂದಿಗೂ 16×16 ಜಾಗದಲ್ಲೇ. ಅಷ್ಟರಲ್ಲಿ ನನ್ನ ಪೆನ್ಸಿಲ್ ಕೊಳೆಯಾದ ಕಡ್ಡಿಯ ಹಾಗೆ ಕಾಣುತ್ತಿತ್ತು. ಕೊನೆಗೆ ಬರೀ ಮೊನೆ ಉಳಿಸಿಕೊಂಡೆ. ನಿಮ್ಮದರಲ್ಲೂ ಒಂದು ಅಕ್ಷರ ಅಥವಾ ಒಂದು ಆಕಾರ ಸಾಕು. 32×32ರ ಒಂದು ಪ್ರತಿ, ಐಫೋನ್ ಹೋಮ್ ಸ್ಕ್ರೀನಿಗೆ 180×180ರ ಒಂದು ಪ್ರತಿ ಇಟ್ಟುಕೊಳ್ಳಿ. ಲಿಂಕ್ ಹಂಚಿದಾಗ ಬರುವ ಚಿತ್ರಕ್ಕೆ 1200×630 ಇಡಿ. ಕೆಲವು ಆ್ಯಪ್‌ಗಳು ಅಂಚು ಕತ್ತರಿಸುತ್ತವೆ, ಮುಖ್ಯವಾದದ್ದು ನಡುವೆ ಇರಲಿ.

ಆಲ್ಟ್ ಬರಹದಲ್ಲಿ ಏನು ಬರೆಯಬೇಕು?

ಆಲ್ಟ್ ಅಂದರೆ ಚಿತ್ರ ಕಾಣದವರಿಗಾಗಿ ಇಮೇಜ್ ಟ್ಯಾಗಿನಲ್ಲಿ ಬರೆಯುವ ವಿವರಣೆ. ಫೋನಿನಲ್ಲಿ ಮಾತಾಡುತ್ತಿರುವವರಿಗೆ ಆ ಚಿತ್ರವನ್ನು ಹೇಗೆ ಹೇಳುತ್ತೀರೋ ಹಾಗೆ ಬರೆಯಿರಿ. ‘ಚಿತ್ರ 3’ ಅಲ್ಲ, ‘ಕೀಬೋರ್ಡಿನ ಮೇಲೆ ಮಲಗಿರುವ ಬೂದು ಬೆಕ್ಕು’. ಬರೀ ಅಲಂಕಾರದ ಗೆರೆ, ಹೂವು ಆದರೆ ಆಲ್ಟ್ ಖಾಲಿ ಬಿಡಿ, ಪೂರ್ತಿ ತೆಗೆದುಹಾಕಬೇಡಿ. ಖಾಲಿ ಇದ್ದರೆ ಸ್ಕ್ರೀನ್ ರೀಡರ್ ದಾಟಿ ಮುಂದೆ ಹೋಗುತ್ತದೆ. ಇಲ್ಲವೇ ಇಲ್ಲದಿದ್ದರೆ ಎಷ್ಟೋ ಸಲ ಫೈಲಿನ ಹೆಸರನ್ನೇ ಅಕ್ಷರ ಅಕ್ಷರವಾಗಿ ಓದುತ್ತಾ ಕೂರುತ್ತದೆ.

ಮಾಡಿದ ಚಿತ್ರಗಳನ್ನು ಹೇಗೆ ಎತ್ತಿಡಬೇಕು?

ಮೂಲ ಫೈಲನ್ನು ಬೇರೆ ಫೋಲ್ಡರಿನಲ್ಲಿಡಿ, ಅದನ್ನು ಮುಟ್ಟಬೇಡಿ. ಜೆಪೆಗ್ ತೆರೆದು, ತಿದ್ದಿ, ಅದರ ಮೇಲೇ ಸೇವ್ ಮಾಡಿದಾಗಲೆಲ್ಲ ಅದು ಇನ್ನಷ್ಟನ್ನು ಎಸೆಯುತ್ತದೆ. ನಾನು ಒಂದು ಬ್ಯಾನರನ್ನು ಹೀಗೇ ತಿದ್ದಿ ತಿದ್ದಿ, ಕೊನೆಗೆ ಮೂಲವೂ ಇಲ್ಲ, ನೋಡುವ ಹಾಗಿರುವ ಪ್ರತಿಯೂ ಇಲ್ಲ ಅನ್ನುವ ಸ್ಥಿತಿಗೆ ತಂದುಕೊಂಡಿದ್ದೆ.

ಫೈಲಿನ ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ. ವಿಂಡೋಸ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಸರ್ವರ್‌ಗಳು ಬಹುಪಾಲು ಲಿನಕ್ಸ್, ಅಲ್ಲಿ ಎರಡೂ ಬೇರೆ ಬೇರೆ ಫೈಲ್. ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಚಿತ್ರ ಅಪ್‌ಲೋಡ್ ಮಾಡಿದ ಮೇಲೆ ಕಾಣದಿದ್ದರೆ ಮೊದಲು ಹೆಸರಿನ ಕೊನೆಯ ಮೂರಕ್ಷರ ನೋಡಿ. ಕ್ಯಾಮೆರಾ ಅದನ್ನು ದೊಡ್ಡಕ್ಷರದಲ್ಲಿ ಬರೆದಿರುತ್ತದೆ, ನೀವು ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತೀರಿ.